ಕತ್ತಲ ಸರದಿ ಯಾರದು?

ಈ ದೇಶದ ವಿದ್ಯುತ್ ಜಾಲವೆಲ್ಲ ಒಂದೇ ಲಯದಲ್ಲಿ ಮಿಡಿಯುತ್ತದೆ, ಸೆಕೆಂಡಿಗೆ 50 ಆವರ್ತ. ಕಾಶ್ಮೀರದಲ್ಲೂ ಕಾರವಾರದಲ್ಲೂ ಅದೇ ಕ್ಷಣಕ್ಕೆ ಅದೇ ಸಂಖ್ಯೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕೆವಿ ಮಾರ್ಗ ಚಾಲೂ ಆದ ಮೇಲೆ ದಕ್ಷಿಣ ಭಾರತವೂ ಈ ಜಾಲದೊಳಗೆ ಬಂತು. ಬೇಡಿಕೆ ಉತ್ಪಾದನೆಯನ್ನು ಮೀರಿದರೆ ಲಯ ಕುಸಿಯುತ್ತದೆ. ಅದು 49.4ರ ಹತ್ತಿರ ಇಳಿದಾಗ ಸಬ್‌ಸ್ಟೇಷನ್ನುಗಳಲ್ಲಿರುವ ರಿಲೇಗಳು ಯಾರನ್ನೂ ಕೇಳದೆ ಕೆಲವು ಫೀಡರುಗಳ, ಅಂದರೆ ಊರು, ಬಡಾವಣೆಗಳಿಗೆ ಹೋಗುವ ತಂತಿಗಳ, ಕರೆಂಟು ತೆಗೆಯುತ್ತವೆ. ಹಾಗೆ ತೆಗೆಯದಿದ್ದರೆ ಇಡೀ ಜಾಲವೇ ಬಿದ್ದುಹೋಗುತ್ತದೆ, ಆದ್ದರಿಂದ ಈ ಏರ್ಪಾಡಿನ ಬಗ್ಗೆ ತಕರಾರಿಲ್ಲ. ರಿಲೇಗೆ ಪಕ್ಷಪಾತವೂ ಇಲ್ಲ. ಆದರೆ ಯಾವ ಫೀಡರಿಗೆ ರಿಲೇ ಕೂರಿಸಬೇಕು, ಯಾವುದನ್ನು ಮುಟ್ಟಬಾರದು ಎಂಬ ಪಟ್ಟಿಯನ್ನು ಬರೆದದ್ದು ಮನುಷ್ಯರು. ಆಸ್ಪತ್ರೆ, ಕುಡಿಯುವ ನೀರು, ರೈಲು, ಗಣ್ಯರ ಬಡಾವಣೆ ಒಂದು ಕಡೆ, ಹಳ್ಳಿಯ ಫೀಡರು ಇನ್ನೊಂದು ಕಡೆ. ಕತ್ತಲು ಕವಿಯುವ ಎಷ್ಟೋ ತಿಂಗಳ ಮೊದಲೇ ಕತ್ತಲು ಯಾರ ಪಾಲಿಗೆಂದು ತೀರ್ಮಾನವಾಗಿರುತ್ತದೆ. ವಿದ್ಯುತ್ ಕೊರತೆಯ ಕುರಿತ ನಮ್ಮ ಚರ್ಚೆಯೆಲ್ಲ ಕಲ್ಲಿದ್ದಲು ಎಷ್ಟಿದೆ, ಸೌರಶಕ್ತಿ ಎಷ್ಟು ಬೆಳೆದಿದೆ, ಅಣುಸ್ಥಾವರ ಯಾವಾಗ ಮುಗಿಯುತ್ತದೆ ಎಂಬ ಲೆಕ್ಕದಲ್ಲಿ ಕಳೆದುಹೋಗುತ್ತಿದೆ. ಈ ಪಟ್ಟಿಯನ್ನು ಯಾರೂ ಕೇಳುತ್ತಿಲ್ಲ. ಕೊರತೆಯ ದಿನ ಮೊದಲು ಕತ್ತಲಲ್ಲಿ ಕೂರಬೇಕಾದವರು ಯಾರು ಎಂಬುದು ಎಂಜಿನಿಯರ್ ಒಬ್ಬರೇ ಉತ್ತರಿಸಬಹುದಾದ ಪ್ರಶ್ನೆಯಲ್ಲ. ಅದು ಧರ್ಮದ ಪ್ರಶ್ನೆ, ಮತ್ತು ನಮ್ಮ ಪರಂಪರೆಗೆ ಅದು ಹೊಸದೂ ಅಲ್ಲ.

ಮಹಾಭಾರತದ ಶಾಂತಿಪರ್ವದಲ್ಲಿ ಆಪದ್ಧರ್ಮಕ್ಕೆಂದೇ ಒಂದು ಭಾಗವಿದೆ. ರಾಜ್ಯಕ್ಕೆ ಸಂಕಟ ಬಂದಾಗ, ಅನ್ನವಿಲ್ಲದಾಗ, ಎಂದಿನ ನಿಯಮಗಳನ್ನು ಎಷ್ಟರಮಟ್ಟಿಗೆ ಸಡಿಲಿಸಬಹುದು ಎಂದು ಯುಧಿಷ್ಠಿರ ಕೇಳುತ್ತಾನೆ, ಶರಶಯ್ಯೆಯಲ್ಲಿ ಮಲಗಿದ ಭೀಷ್ಮ ಹೇಳುತ್ತಾನೆ. ಅಲ್ಲಿ ಬರುವ ವಿಶ್ವಾಮಿತ್ರನ ಕಥೆ ಹಲವರಿಗೆ ಗೊತ್ತು. ಹನ್ನೆರಡು ವರ್ಷ ಮಳೆಯಿಲ್ಲ. ಹಸಿವಿನಿಂದ ಕಂಗೆಟ್ಟ ಋಷಿ ಊರಾಚೆಯ ಕೇರಿಯೊಂದರ ಗುಡಿಸಲಿಗೆ ಹೋಗಿ ನಾಯಿಯ ಮಾಂಸಕ್ಕೆ ಕೈಹಾಕುತ್ತಾನೆ. ಆ ಗುಡಿಸಲಿನವನೇ ಅವನಿಗೆ ಧರ್ಮ ನೆನಪಿಸುತ್ತಾನೆ, ಇಬ್ಬರಿಗೂ ವಾದ ನಡೆಯುತ್ತದೆ. ಬದುಕಿದ್ದರೆ ಧರ್ಮವನ್ನು ಆಚರಿಸಬಹುದು ಎಂದು ಋಷಿ ಮಾಂಸವನ್ನು ಒಯ್ಯುತ್ತಾನೆ. ಈ ಕಥೆಯನ್ನು ಸಾಮಾನ್ಯವಾಗಿ ಆಪತ್ತಿನಲ್ಲಿ ಏನು ಮಾಡಿದರೂ ಸರಿ ಎಂಬುದಕ್ಕೆ ಆಧಾರವಾಗಿ ಹೇಳುತ್ತಾರೆ. ಆದರೆ ಕಥೆಯಲ್ಲಿ ಇನ್ನೆರಡು ಸಂಗತಿಗಳಿವೆ. ತಿನ್ನುವ ಮೊದಲು ವಿಶ್ವಾಮಿತ್ರ ದೇವತೆಗಳಿಗೆ ಸಲ್ಲಬೇಕಾದ ಪಾಲನ್ನು ವಿಧಿಪೂರ್ವಕ ಎತ್ತಿಡುತ್ತಾನೆ. ಆಪತ್ತು ಅವನನ್ನು ಆಹಾರದ ನಿಯಮದಿಂದ ಬಿಡಿಸಿತೇ ಹೊರತು ಹಂಚಿ ಉಣ್ಣುವ ನಿಯಮದಿಂದ ಬಿಡಿಸಲಿಲ್ಲ. ಇನ್ನೊಂದು ಸಂಗತಿ ಕಥೆಯಲ್ಲಿ ಎದ್ದು ಕಾಣುವುದಿಲ್ಲ, ಆದರೆ ಇಂದಿನ ಓದುಗನಿಗೆ ಅದೇ ಮುಖ್ಯವಾಗಬೇಕು: ಹಸಿದ ಋಷಿ ಕೈಹಾಕಿದ್ದು ಅರಮನೆಯ ಉಗ್ರಾಣಕ್ಕಲ್ಲ, ಎಲ್ಲರಿಗಿಂತ ಕಡಿಮೆ ಇದ್ದವನ ಗುಡಿಸಲಿಗೆ. ಕೊರತೆ ಬಂದಾಗ ಕೈ ಸುಲಭವಾಗಿ ಎಟುಕುವ ಕಡೆಗೇ ಚಾಚುತ್ತದೆ. ಧರ್ಮವೆಂಬುದು ಆ ಕೈಯನ್ನು ಬೇರೆ ಕಡೆಗೆ ತಿರುಗಿಸಬೇಕು.

ಆಪದ್ಧರ್ಮಕ್ಕೆ ಧರ್ಮಶಾಸ್ತ್ರಕಾರರು ಒಂದು ಕಟ್ಟಳೆಯನ್ನೂ ಹಾಕಿದ್ದಾರೆ. ಆಪತ್ತಿಲ್ಲದಾಗ ಆಪತ್ತಿನ ನಿಯಮದಂತೆ ನಡೆದರೆ ಅದಕ್ಕೆ ಫಲವಿಲ್ಲ. ವಿನಾಯಿತಿ ಎನ್ನುವುದು ವಿನಾಯಿತಿಯಾಗಿಯೇ ಉಳಿಯಬೇಕು, ರೂಢಿಯಾಗಬಾರದು. ನಮ್ಮ ವಿದ್ಯುತ್ ಕಾನೂನಿನಲ್ಲೂ ಇಂಥದೊಂದು ಅವಕಾಶವಿದೆ. 2003ರ ವಿದ್ಯುತ್ ಕಾಯ್ದೆಯ 11ನೇ ಕಲಮಿನಂತೆ ಅಸಾಧಾರಣ ಸಂದರ್ಭದಲ್ಲಿ ಸರ್ಕಾರ ಉತ್ಪಾದಕರಿಗೆ ನಿರ್ದೇಶನ ಕೊಡಬಹುದು. 2022ರಲ್ಲಿ ಕೇಂದ್ರ ಸರ್ಕಾರ ಆಮದು ಕಲ್ಲಿದ್ದಲಿನ ಸ್ಥಾವರಗಳನ್ನು ನಡೆಸಲೇಬೇಕೆಂದು ಇದನ್ನು ಬಳಸಿತು; 2023ರ ಬರಗಾಲದಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಉತ್ಪಾದಕರ ವಿದ್ಯುತ್ತು ಹೊರರಾಜ್ಯಕ್ಕೆ ಹೋಗದಂತೆ ತಡೆಯಲು ಬಳಸಿತು. ಇವು ನಿಜವಾದ ಆಪತ್ತಿನ ಕ್ರಮಗಳು, ಒಂದು ಅವಧಿಗೆಂದು ಹೊರಡಿಸಿದಂಥವು. ಇದರ ಪಕ್ಕದಲ್ಲಿ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳನ್ನು ಇಟ್ಟು ನೋಡಬೇಕು. ಎಲ್ಲ ಗ್ರಾಹಕರಿಗೂ ದಿನದ 24 ಗಂಟೆ ವಿದ್ಯುತ್ತು ಎಂದು ಅವು ಘೋಷಿಸುತ್ತವೆ; ಆದರೆ ಕೃಷಿಯಂಥ ಕೆಲವು ವರ್ಗಗಳಿಗೆ ವಿದ್ಯುತ್ ನಿಯಂತ್ರಣ ಆಯೋಗವು ಕಡಿಮೆ ಗಂಟೆ ನಿಗದಿ ಮಾಡಬಹುದು ಎಂದೂ ಅವೇ ನಿಯಮಗಳು ಹೇಳುತ್ತವೆ. ಕರ್ನಾಟಕದ ಪಂಪ್‌ಸೆಟ್ಟುಗಳಿಗೆ ತ್ರೀಫೇಸ್ ಸಿಗುವುದು ಒಳ್ಳೆಯ ವರ್ಷದಲ್ಲಿ ದಿನಕ್ಕೆ ಏಳು ಗಂಟೆ. 2023ರ ಅಕ್ಟೋಬರಿನಲ್ಲಿ ಅದನ್ನು ಐದಕ್ಕೆ ಇಳಿಸಲಾಯಿತು. ಆ ಏಳು ಗಂಟೆಯಲ್ಲೂ ಎಷ್ಟೋ ಪಾಲು ರಾತ್ರಿಯ ಪಾಳಿ. ಹಾವು, ಚಿರತೆ, ಆನೆಯ ಭಯದ ನಡುವೆ ಬ್ಯಾಟರಿ ಹಿಡಿದು ಮೋಟಾರು ಚಾಲೂ ಮಾಡಲು ಹೊಲಕ್ಕೆ ಹೋಗುವುದು ಹಳ್ಳಿಯವರಿಗೆ ತಲೆಮಾರಿನ ರೂಢಿ. ನಗರಕ್ಕೆ ಆಪತ್ತು ಹತ್ತು ವರ್ಷಕ್ಕೊಮ್ಮೆ ಬಂದು ಹೋಗುತ್ತದೆ. ಹಳ್ಳಿಯನ್ನು ನಾವು ಖಾಯಂ ಆಪತ್ತಿನಲ್ಲಿಟ್ಟು ಅದನ್ನು ವ್ಯವಸ್ಥೆ ಎಂದು ಕರೆದಿದ್ದೇವೆ. ಧರ್ಮಶಾಸ್ತ್ರ ಬೇಡವೆಂದಿದ್ದು ಇದನ್ನೇ.

ಈ ಕ್ರಮ ಇಂದು ನಿನ್ನೆಯದಲ್ಲ, ಕರ್ನಾಟಕದ ವಿದ್ಯುತ್ತಿನ ಮೊದಲ ದಿನದಿಂದ ಬಂದದ್ದು. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆ ಶುರುವಾದಾಗ ಕಾವೇರಿಯ ಶಕ್ತಿ ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ತಂತಿಮಾರ್ಗಗಳಲ್ಲಿ ಅದೂ ಒಂದು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಆ ತಂತಿಗಳ ಕೆಳಗಿದ್ದ ಹಳ್ಳಿಗಳು ಮುಂದೆಯೂ ದಶಕಗಳ ಕಾಲ ಸೀಮೆಎಣ್ಣೆಯ ಬುಡ್ಡಿಯಲ್ಲೇ ಇದ್ದವು. ಚಿನ್ನ ಮೊದಲು, ಪಟ್ಟಣ ಆಮೇಲೆ, ಊರು ಕೊನೆಗೆ. ಆ ಯೋಜನೆಗೆ ಮುಂದಾದ ಮೈಸೂರಿನ ದಿವಾನ್ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯನ್ನು ಕಡೆಗಣಿಸಿ ಈ ಮಾತು ಹೇಳುತ್ತಿಲ್ಲ. ಗಣಿಯ ಹಣವಿಲ್ಲದೆ ಆ ಯೋಜನೆ ಏಳುತ್ತಲೇ ಇರಲಿಲ್ಲ. ಆದರೆ ಬಂಡವಾಳ ಹಾಕಿದವನಿಗೆ ಮೊದಲ ಪಾಲು ಎಂಬ ಲೆಕ್ಕ ಅಂದು ಅನಿವಾರ್ಯವಾಗಿದ್ದರೂ, ಅದೇ ಲೆಕ್ಕ ಸ್ವಾತಂತ್ರ್ಯಾನಂತರವೂ ಪ್ರಶ್ನೆಯಿಲ್ಲದೆ ಮುಂದುವರಿದದ್ದಕ್ಕೆ ಸಮರ್ಥನೆ ಹುಡುಕುವುದು ಕಷ್ಟ.

ವಿದ್ಯುತ್ತಿಗಾಗಿ ನೆಲ, ನೀರು ಕೊಟ್ಟವರ ಕಡೆಯಿಂದ ನೋಡಲು ಶರಾವತಿ ನದಿಯ ಕಣಿವೆಗಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. 1948ರ ಹೊತ್ತಿಗೆ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು, ಜೋಗದ ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರ. 1964ರಲ್ಲಿ ಲಿಂಗನಮಕ್ಕಿ. ಹಳೆಯ ಅಣೆಕಟ್ಟೆಯೇ ಹೊಸ ಹಿನ್ನೀರಿನಲ್ಲಿ ಮುಳುಗಿತು, ಒಮ್ಮೆ ಎದ್ದು ಹೋದವರಲ್ಲಿ ಕೆಲವರು ಮತ್ತೊಮ್ಮೆ ಏಳಬೇಕಾಯಿತು. ಆಮೇಲೆ ಗೇರುಸೊಪ್ಪೆಯ ಕಟ್ಟೆ. 1035 ಮೆಗಾವಾಟಿನ ಶರಾವತಿ ಕೇಂದ್ರ ಈ ರಾಜ್ಯದ ಕೈಗಾರಿಕೆಯನ್ನು ಕಟ್ಟಿತು. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಬರುವವರೆಗೆ ಕರ್ನಾಟಕದ ವಿದ್ಯುತ್ತೆಂದರೆ ನದಿಯ ನೀರೇ. ಮುಳುಗಡೆಯಾದ ಸಾವಿರಾರು ಕುಟುಂಬಗಳನ್ನು ಲಾರಿಗಳಲ್ಲಿ ತುಂಬಿ ಕಾಡಿನಂಚಿಗೆ ಇಳಿಸಿದರು. ಅವರು ಸಾಗುವಳಿ ಮಾಡಿದ ಜಮೀನು ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು; ಅರವತ್ತು ವರ್ಷದ ಮೇಲೂ ಹಕ್ಕುಪತ್ರಕ್ಕಾಗಿ ಅವರ ಮೊಮ್ಮಕ್ಕಳು ಕಚೇರಿ, ಕೋರ್ಟು ಅಲೆಯುತ್ತಿದ್ದಾರೆ. ಹಿನ್ನೀರಿನಾಚೆ ದ್ವೀಪದಂತೆ ಉಳಿದ ತುಮರಿಯ ಸೀಮೆಯವರು ಆಸ್ಪತ್ರೆಗೂ ಲಾಂಚನ್ನೇ ಕಾಯಬೇಕಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ನೀರು ನಿಂತ ಆರು ದಶಕಗಳ ನಂತರ ಒಂದು ಸೇತುವೆ. ಭಗವದ್ಗೀತೆಯ ಮೂರನೆಯ ಅಧ್ಯಾಯ ಲೋಕವನ್ನು ಕೊಡು-ಕೊಳ್ಳುವಿಕೆಯ ಚಕ್ರವಾಗಿ ಕಾಣುತ್ತದೆ, ಪಡೆದದ್ದನ್ನು ಮರಳಿಸದೆ ಅನುಭವಿಸುವವನನ್ನು ಅದು ಕಳ್ಳರ ಸಾಲಿಗೆ ಸೇರಿಸುತ್ತದೆ. ನಾವು ಸ್ವಿಚ್ಚು ಒತ್ತುವಾಗ ಈ ಮಾತು ನಮಗೆ ಅನ್ವಯಿಸುವುದಿಲ್ಲವೆಂದು ಹೇಳಲು ನನಗೆ ಯಾವ ಕಾರಣವೂ ತೋರುವುದಿಲ್ಲ. ಬಿಲ್ಲು ಕಟ್ಟಿದ್ದೇವಲ್ಲ ಎಂದರೆ, ಆ ಬಿಲ್ಲಿನಲ್ಲಿ ಯಂತ್ರದ ಬೆಲೆ, ತಂತಿಯ ಬೆಲೆ, ಸಿಬ್ಬಂದಿಯ ಸಂಬಳ ಇವೆ. ಮುಳುಗಿದ ಗದ್ದೆಯ ಬೆಲೆ ಎಂದೂ ಇರಲಿಲ್ಲ.

ಇಲ್ಲಿ ಮೊದಲ ಆಕ್ಷೇಪಣೆ ಬರುತ್ತದೆ, ಮತ್ತು ಅದು ಬಲವಾದದ್ದೇ. ಹಂಚಿಕೆಯ ಧರ್ಮವೆಲ್ಲ ಬಡತನದ ಕಾಲದ ಚಿಂತೆ. ಬೇಕಾದಷ್ಟು ಉತ್ಪಾದಿಸಿದರೆ ಯಾರನ್ನು ಕತ್ತಲಲ್ಲಿಡಬೇಕು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. 2024ರ ಮೇ 30ರಂದು ದೇಶದ ಗರಿಷ್ಠ ಬೇಡಿಕೆ 2,50,000 ಮೆಗಾವಾಟ್ ಮುಟ್ಟಿತು, ಅದನ್ನು ಪೂರೈಸಿದೆವು. 2025ರ ಮಧ್ಯಭಾಗಕ್ಕೆ ಸ್ಥಾಪಿತ ಸಾಮರ್ಥ್ಯದ ಅರ್ಧ ಭಾಗ ಕಲ್ಲಿದ್ದಲು, ಅನಿಲಗಳ ಹೊರತಾದ ಮೂಲಗಳದ್ದಾಯಿತು. ಇವು ಸಣ್ಣ ಸಾಧನೆಗಳಲ್ಲ, ಇದರ ಹಿಂದಿರುವ ಎಂಜಿನಿಯರುಗಳ, ಲೈನ್‌ಮನ್‌ಗಳ ದುಡಿಮೆಗೆ ಕೈಮುಗಿಯಬೇಕು. ಆದರೂ ಸಾಮರ್ಥ್ಯವೆಂದರೆ ಪೂರೈಕೆಯಲ್ಲ. ನಾವು ನಿಜವಾಗಿ ಬಳಸುವ ಪ್ರತಿ ನೂರು ಯೂನಿಟ್ಟಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಇನ್ನೂ ಕಲ್ಲಿದ್ದಲಿನದು. ಸೂರ್ಯ ಮುಳುಗಿದ ಮೇಲೆ ಸೌರಫಲಕ ಸುಮ್ಮನಾಗುತ್ತದೆ, ಮನೆಗಳಲ್ಲಿ ಬಳಕೆ ಏರುವುದು ಅದೇ ಹೊತ್ತಿಗೆ; ಬರುವ ವರ್ಷಗಳ ಕೊರತೆ ಮಧ್ಯಾಹ್ನದ್ದಲ್ಲ, ಸಂಜೆ ಏಳರಿಂದ ಹನ್ನೊಂದರದ್ದು. 2021ರ ಅಕ್ಟೋಬರಿನಲ್ಲಿ ಅನೇಕ ಸ್ಥಾವರಗಳಲ್ಲಿ ನಾಲ್ಕೈದು ದಿನದ ಕಲ್ಲಿದ್ದಲೂ ಇರಲಿಲ್ಲ. 2022ರ ಏಪ್ರಿಲಿನಲ್ಲಿ ಕಲ್ಲಿದ್ದಲ ರೇಕುಗಳಿಗೆ ಹಳಿ ಬಿಡಿಸಿಕೊಡಲು ರೈಲ್ವೆ ನೂರಾರು ಪ್ರಯಾಣಿಕ ರೈಲು ಸಂಚಾರಗಳನ್ನು ರದ್ದು ಮಾಡಿತು. ಅಲ್ಲೂ ದಾರಿ ಬಿಟ್ಟುಕೊಟ್ಟವರು ಸಾಮಾನ್ಯ ಪ್ರಯಾಣಿಕರು. ಕೇಂದ್ರ ವಿದ್ಯುತ್ ಪ್ರಾಧಿಕಾರದ 20ನೇ ಸಮೀಕ್ಷೆಯ ಅಂದಾಜಿನಂತೆ 2031-32ಕ್ಕೆ ಗರಿಷ್ಠ ಬೇಡಿಕೆ 3,66,000 ಮೆಗಾವಾಟ್ ದಾಟುತ್ತದೆ. ಬಿಸಿಲಿನ ಝಳ ಏರಿದಂತೆ ಏರುವ ಏಸಿ, ಬೆಂಗಳೂರು, ಮುಂಬೈ, ಚೆನ್ನೈಗಳಲ್ಲಿ ಏಳುತ್ತಿರುವ ಡೇಟಾ ಸೆಂಟರುಗಳು, ವಿದ್ಯುತ್ ವಾಹನಗಳು ಆ ಅಂದಾಜನ್ನೂ ಹಿಂದೆ ಹಾಕಬಹುದು. 1865ರಲ್ಲೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಕಲ್ಲಿದ್ದಲಿನ ಬಗ್ಗೆ ಬರೆಯುತ್ತ, ಉಗಿಯಂತ್ರ ಹೆಚ್ಚು ಮಿತವ್ಯಯಿಯಾದಷ್ಟೂ ಒಟ್ಟು ಕಲ್ಲಿದ್ದಲ ಬಳಕೆ ಹೆಚ್ಚಿದೆ ಎಂದು ತೋರಿಸಿದ. ಅಗ್ಗವಾದದ್ದನ್ನು ಮನುಷ್ಯ ಕಡಿಮೆ ಬಳಸಿದ ಉದಾಹರಣೆ ಅಪರೂಪ.

ಹೆಚ್ಚು ಉತ್ಪಾದಿಸಿದರೆ ಪ್ರಶ್ನೆ ಅಳಿಯುತ್ತದೆ ಎಂಬ ಮಾತಿಗೆ ಇನ್ನೂ ಆಳದ ಉತ್ತರವೊಂದಿದೆ. ಉತ್ಪಾದನೆಯ ಪ್ರತಿ ಹೊಸ ಮೂಲವೂ ಹೊಸದಾಗಿ ಕೊಡುವವರನ್ನು ಹುಟ್ಟಿಸುತ್ತದೆ. ಸಿಂಗ್ರೌಲಿ, ಕೊರ್ಬಾ, ತಾಲ್ಚೇರಿನ ಕಲ್ಲಿದ್ದಲು ಗಣಿಯಂಚಿನ ಊರುಗಳು, ರಾಯಚೂರಿನ ಹಾರುಬೂದಿ, ಕೈಗಾ ಅಣುಸ್ಥಾವರಕ್ಕೆ ಜಾಗ ಬಿಟ್ಟವರು, ಇವು ಹಳೆಯ ಪಟ್ಟಿ. ಸೂರ್ಯನಾದರೂ ಯಾರಿಗೂ ಭಾರವಲ್ಲ ಎಂದುಕೊಂಡೆವು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2050 ಮೆಗಾವಾಟಿನ ಸೌರ ಪಾರ್ಕು ಬಂತು. ಜಮೀನನ್ನು ಕಿತ್ತುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗೇಣಿಗೆ ಪಡೆದದ್ದು ನಿಜಕ್ಕೂ ಹಿಂದಿನದಕ್ಕಿಂತ ಉತ್ತಮ ದಾರಿ. ಬರದ ಸೀಮೆಯ ರೈತನಿಗೆ ಅದು ನೆಮ್ಮದಿಯ ಆದಾಯ. ಆದರೆ ಗೇಣಿ ಸಿಕ್ಕಿದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಪಹಣಿ ಇರಲಿಲ್ಲ. ಈಗ ಸಂಜೆಯ ಕೊರತೆಗೆ ಪರಿಹಾರವಾಗಿ ಮತ್ತೆ ಶರಾವತಿಯ ಕಡೆಗೇ ಕೈ ಚಾಚಿದ್ದೇವೆ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ: ಹಗಲಿನ ಅಗ್ಗದ ವಿದ್ಯುತ್ತಿನಿಂದ ನೀರನ್ನು ಮೇಲೆತ್ತಿ, ಸಂಜೆ ಕೆಳಗಿಳಿಸಿ ವಿದ್ಯುತ್ತು ತೆಗೆಯುವುದು. ಎತ್ತಲು ಹಿಡಿಯುವ ಶಕ್ತಿ ಇಳಿದಾಗ ಸಿಗುವುದಕ್ಕಿಂತ ಹೆಚ್ಚು, ಆದರೂ ಹೊತ್ತು ಬದಲಾಗುವುದರಿಂದ ಲಾಭ. ತಾಂತ್ರಿಕವಾಗಿ ಇದು ಅರ್ಥಪೂರ್ಣ ಉಪಾಯವೇ. ಅದು ಸಿಂಗಳೀಕ ಅಭಯಾರಣ್ಯದೊಳಗೆ ಸಾವಿರಾರು ಮರ ಕಡಿದು ಬರಬೇಕು ಎನ್ನುವುದು ಒಂದು ತಕರಾರು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ತಕರಾರು ಬೇರೆ ಇದೆ. ಮೊದಲ ಮುಳುಗಡೆಯ ಋಣವನ್ನೇ ತೀರಿಸದವರು ಅದೇ ಕಣಿವೆಯ ಮುಂದೆ ಮತ್ತೊಮ್ಮೆ ಕೈಚಾಚಲು ಯಾವ ನೈತಿಕ ಹಕ್ಕು ಉಳಿಸಿಕೊಂಡಿದ್ದಾರೆ?

ಹಂಚಿಕೆಯನ್ನು ಬೆಲೆಗೆ ಬಿಡಿ ಎನ್ನುವವರಿದ್ದಾರೆ. ಯಾರಿಗೆ ಹೆಚ್ಚು ಬೇಕೋ ಅವರು ಹೆಚ್ಚು ಕೊಡುತ್ತಾರೆ, ಧರ್ಮದ ಚರ್ಚೆಗೆ ಕೂತರೆ ಎಂದಿಗೂ ಒಮ್ಮತವಾಗುವುದಿಲ್ಲ ಎಂಬುದು ಅವರ ವಾದ. 2022ರ ಬೇಸಿಗೆಯಲ್ಲಿ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ದರ ಎಷ್ಟು ಜಿಗಿಯಿತೆಂದರೆ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಯೂನಿಟ್ಟಿಗೆ 12 ರೂಪಾಯಿಯ ಮಿತಿ ಹಾಕಬೇಕಾಯಿತು. ಬೆಲೆ ಹೇಳುವುದು ಯಾರಿಗೆ ಎಷ್ಟು ಕೊಡಲು ಶಕ್ತಿಯಿದೆ ಎಂಬುದನ್ನು; ಯಾರಿಗೆ ಎಷ್ಟು ಅಗತ್ಯ ಎಂಬುದನ್ನಲ್ಲ. ಬಾಣಂತಿಯ ಕೋಣೆಯ ಫ್ಯಾನಿಗೂ ರಾತ್ರಿಯಿಡೀ ಉರಿಯುವ ಜಾಹೀರಾತು ಫಲಕಕ್ಕೂ ಬೆಲೆಯ ಕಣ್ಣಲ್ಲಿ ವ್ಯತ್ಯಾಸವಿಲ್ಲ, ಇದ್ದರೆ ಫಲಕದ ಪರವಾಗಿಯೇ ಇದೆ. ಇದರ ಜೊತೆಗೇ ಬರುವ ಇನ್ನೊಂದು ವಾದವನ್ನು ಮಾತ್ರ ಹಗುರವಾಗಿ ತಳ್ಳಿಹಾಕಲಾರೆ: ಕಾರ್ಖಾನೆಗೆ ಕರೆಂಟು ತೆಗೆದರೆ ಕೂಲಿ ಹೋಗುವುದು ಬಡವನಿಗೇ, ಮೇಲಾಗಿ ಮನೆ ಮತ್ತು ಹೊಲದ ರಿಯಾಯಿತಿಯ ಭಾರ ಹೊರುತ್ತಿರುವುದೂ ಉದ್ಯಮದ ಹೆಚ್ಚಿನ ದರವೇ. ಇದು ಸತ್ಯ. ಬೆಂಗಳೂರಿನ ಪೀಣ್ಯದ ಸಣ್ಣ ವರ್ಕ್‌ಶಾಪಿನ ಲೇತ್ ನಿಂತರೆ ಅಂದಿನ ಊಟ ನಿಲ್ಲುವ ಮನೆಗಳಿವೆ. ಆದ್ದರಿಂದ ಉದ್ಯಮ ಮೊದಲೋ ಕೃಷಿ ಮೊದಲೋ ಎಂದು ಇಡೀ ವರ್ಗಗಳನ್ನು ಎದುರುಬದುರು ನಿಲ್ಲಿಸುವುದೇ ತಪ್ಪು. ಸಾಲು ಹಾಕಬೇಕಾದದ್ದು ಬಳಕೆಯನ್ನು. ಜೀವ ಉಳಿಸುವುದು, ನೀರು, ಬೆಳಕು, ಬೀಸಣಿಗೆ, ಕೂಲಿ ಕೊಡುವ ಯಂತ್ರ, ಬೆಳೆ ಒಂದು ಸಾಲು. ಗಾಜಿನ ಕಟ್ಟಡವನ್ನು 20 ಡಿಗ್ರಿಗೆ ಇಳಿಸುವುದು, ಖಾಲಿ ಮಾಲ್‌ಗಳ ಅಲಂಕಾರ, ರಾತ್ರಿಯ ಫ್ಲಡ್‌ಲೈಟು ಇನ್ನೊಂದು ಸಾಲು. ಈ ಎರಡರ ನಡುವಿನ ಗೆರೆ ಎಲ್ಲ ಕಡೆಯೂ ಸ್ಪಷ್ಟವಿರುವುದಿಲ್ಲ. ಹಾಗೆಂದು ಗೆರೆಯೇ ಇಲ್ಲವೆಂದಾಗದು.

ರೈತರ ಉಚಿತ ವಿದ್ಯುತ್ತೇ ಕೊರತೆಗೆ ಕಾರಣವಲ್ಲವೇ ಎಂದು ಕೇಳುವವರಿಗೂ ಉತ್ತರ ಕೊಡಬೇಕು. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ 30 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್ಟುಗಳಿಗೆ ಬಿಲ್ಲಿಲ್ಲ, ಬಹುಪಾಲಿಗೆ ಮೀಟರೂ ಇಲ್ಲ. ಅಳತೆಯಿಲ್ಲದ ಕಡೆ ಸೋರಿಕೆಯೂ ಕಳ್ಳಲೆಕ್ಕವೂ ಅಡಗಿಕೊಳ್ಳುತ್ತವೆ, ಕೊಳವೆಬಾವಿ ಆಳಕ್ಕಿಳಿದು ಅಂತರ್ಜಲ ಬತ್ತುತ್ತದೆ, ಕೊನೆಗೆ ಹೊಡೆತ ಬೀಳುವುದು ಪಕ್ಕದ ಸಣ್ಣ ಹಿಡುವಳಿಯ ರೈತನಿಗೇ. ಹೀಗಾಗಿ ಮೀಟರು ಬೇಕು ಎಂಬ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಉಚಿತ ಎಂಬ ನೆಪದಲ್ಲಿ ಅಪರಾತ್ರಿಯ ಕರೆಂಟು ಕೊಡುವುದನ್ನು ಒಪ್ಪಲಾರೆ. ರೈತನಿಗೆ ಬೇಕಾದದ್ದು ಹಗಲಿನ ವಿದ್ಯುತ್ತು, ಸೂರ್ಯ ಕೊಡುವುದೂ ಹಗಲಿನ ವಿದ್ಯುತ್ತು. ಹಳ್ಳಿಯ ಸಬ್‌ಸ್ಟೇಷನ್ನಿನ ಪಕ್ಕದಲ್ಲೇ ಸೌರಘಟಕ ಹಾಕಿ ಪಂಪ್‌ಸೆಟ್ ಫೀಡರಿಗೆ ಕೊಡುವ ಕುಸುಮ್ ಯೋಜನೆಯಂಥದು ಚುರುಕಾದಷ್ಟೂ, ರಾತ್ರಿಯ ಪಾಳಿ ತಪ್ಪುತ್ತದೆ, ಸಂಜೆಯ ಒತ್ತಡವೂ ಇಳಿಯುತ್ತದೆ.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪಣೆ ನೈತಿಕವಾದದ್ದೇ. ಭಾರತೀಯನೊಬ್ಬ ಸರಾಸರಿ ಬಳಸುವ ವಿದ್ಯುತ್ತು ಜಗತ್ತಿನ ಸರಾಸರಿಯ ಅರ್ಧವೂ ಇಲ್ಲ. ಇಂಥ ದೇಶಕ್ಕೆ ಸಂಯಮ ಬೋಧಿಸುವುದು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದಂತಲ್ಲವೇ? ಸರಿ, ಸರಾಸರಿ ಭಾರತೀಯನಿಗೆ ಸಂಯಮ ಬೋಧಿಸುವುದು ಅಧರ್ಮ. ಆದರೆ ಸರಾಸರಿ ಭಾರತೀಯ ಎಂಬ ಮನುಷ್ಯ ಎಲ್ಲೂ ಇಲ್ಲ. ತಿಂಗಳಿಗೆ 30 ಯೂನಿಟ್ ಬಳಸುವವನೂ 1,000 ಯೂನಿಟ್ ಬಳಸುವವನೂ ಸೇರಿ ಆ ಸರಾಸರಿ ಆಗಿರುತ್ತದೆ. ಜೈನಧರ್ಮ ಗೃಹಸ್ಥನಿಗೆ ಹೇಳಿದ ಪರಿಗ್ರಹ ಪರಿಮಾಣ ವ್ರತ ಇಲ್ಲಿ ನೆನಪಾಗಬೇಕು. ಅದು ಮುನಿಗಳ ಸರ್ವತ್ಯಾಗವಲ್ಲ. ಗೃಹಸ್ಥ ತನಗೆ ಇಷ್ಟು ಸಾಕೆಂದು ಮುಂಚಿತವಾಗಿಯೇ ಗೆರೆ ಎಳೆದುಕೊಳ್ಳುತ್ತಾನೆ, ಅದನ್ನು ಮೀರಿ ಬಂದದ್ದು ಅವನದಲ್ಲ. ಕೊರತೆ ಬಂದ ಮೇಲೆ ಇನ್ನೊಬ್ಬರು ಹೇರಿದ ಮಿತಿಗೂ, ಇರುವಾಗಲೇ ತಾನೇ ಹಾಕಿಕೊಂಡ ಮಿತಿಗೂ ಇರುವ ಅಂತರ ಇದು. ಶರಣರ ದಾಸೋಹವೂ ಇದೇ ದಿಕ್ಕಿನದು, ದುಡಿದು ಬಂದದ್ದರಲ್ಲಿ ತನ್ನ ಅಗತ್ಯ ಕಳೆದು ಉಳಿದದ್ದು ಸಮುದಾಯದ್ದು.

ಈ ಅಳತೆಗೋಲಿನಿಂದ ನಮ್ಮ ಈಚಿನ ಎರಡು ನಿರ್ಧಾರಗಳನ್ನು ನೋಡಬಹುದು. 2023ರಲ್ಲಿ ಬಂದ ಕರ್ನಾಟಕದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಡಮನೆಯ ಬಿಲ್ಲನ್ನು ಇಳಿಸಿದ್ದು ಒಳ್ಳೆಯದು. ಆದರೆ 200 ಯೂನಿಟ್ ಮಿತಿಯೊಳಗೆ ಉಚಿತದ ಪ್ರಮಾಣ ನಿಗದಿಯಾದದ್ದು ಹಿಂದಿನ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿ. ಅಂದರೆ 30 ಯೂನಿಟ್ಟಿನವನಿಗೆ 33, 180ರವನಿಗೆ 198. ಮಿತಿ ಎಳೆದದ್ದು ಅಗತ್ಯಕ್ಕಲ್ಲ, ಅಭ್ಯಾಸಕ್ಕೆ. ಆಮೇಲೆ 48 ಯೂನಿಟ್ಟಿಗಿಂತ ಕಡಿಮೆ ಬಳಸುವವರಿಗೆ ಶೇಕಡ 10ರ ಬದಲು 10 ಯೂನಿಟ್ ಹೆಚ್ಚುವರಿ ಎಂದು ತಿದ್ದಿದರು. ಸಣ್ಣದಾದರೂ ಅದು ಸರಿಯಾದ ದಿಕ್ಕಿನ ತಿದ್ದುಪಡಿ. ಇನ್ನೊಂದು, ರಾಜ್ಯದ 2024ರ ದರ ಆದೇಶದಲ್ಲಿ ಮನೆಬಳಕೆಯ ಸ್ಲ್ಯಾಬುಗಳನ್ನು ತೆಗೆದದ್ದು. ಕಡಿಮೆ ಬಳಸಿದವನಿಗೆ ಕಡಿಮೆ ದರ, ಏರಿದಂತೆ ಏರುವ ದರ ಎಂಬ ಹಳೆಯ ಪದ್ಧತಿಯಲ್ಲಿ ಮೊದಲ ನೂರು ಯೂನಿಟ್ಟಿಗೂ ಐದನೆಯ ನೂರಕ್ಕೂ ನೈತಿಕ ವ್ಯತ್ಯಾಸವಿದೆ ಎಂಬ ತಿಳಿವಳಿಕೆ ಅಡಗಿತ್ತು. ಈಗ ಎರಡಕ್ಕೂ ಒಂದೇ ದರ. ಲೆಕ್ಕ ಸರಳವಾಯಿತು, ತಿಳಿವಳಿಕೆ ಕಳೆದುಹೋಯಿತು.

ಫೀಡರಿಗಿಂತ ಸಣ್ಣ ಘಟಕವನ್ನು ಕತ್ತರಿಸಲು ಬರುವುದಿಲ್ಲ, ಹಾಗಾಗಿ ಅಗತ್ಯ ನೋಡಿ ಹಂಚುವುದು ಅಸಾಧ್ಯ ಎಂಬುದು ಎಂಜಿನಿಯರುಗಳ ಮಾತು. ನಿನ್ನೆಯವರೆಗೆ ಅದು ಸರಿಯಾಗಿತ್ತು. ದೇಶವೆಲ್ಲ ಕೂರುತ್ತಿರುವ ಸ್ಮಾರ್ಟ್ ಮೀಟರುಗಳಲ್ಲಿ ಮನೆಮನೆಯ ಲೋಡಿಗೆ ದೂರದಿಂದಲೇ ಮಿತಿ ಹಾಕಬಹುದು. ಒಂದು ಊರನ್ನು ಪೂರ್ತಿ ಕತ್ತಲಲ್ಲಿಡುವ ಬದಲು, ಹತ್ತು ಊರಿಗೂ ಒಂದು ಪಟ್ಟಣಕ್ಕೂ ದೀಪ, ಫ್ಯಾನು ಉಳಿಸಿ ಭಾರೀ ಬಳಕೆಯನ್ನಷ್ಟೇ ತಡೆಯಲು ತಂತ್ರಜ್ಞಾನ ಒಪ್ಪುತ್ತದೆ. ಆ ಮೀಟರನ್ನು ನಾವು ಬಿಲ್ಲು ವಸೂಲಿಗೆ ಮಾತ್ರ ಬಳಸಿದರೆ ಅದು ತಂತ್ರಜ್ಞಾನದ ದೋಷವಲ್ಲ. ಮಿತಿ ಮೀರಿದರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇವೆ. 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ, ಈಶಾನ್ಯದ ಜಾಲಗಳು ಕುಸಿದು 60 ಕೋಟಿಗೂ ಮಿಕ್ಕ ಜನರ ಪ್ರದೇಶ ಕತ್ತಲಾದಾಗ, ಬಲಹೀನವಾಗಿದ್ದ ಮಾರ್ಗಗಳ ಮೇಲೆ ಮಿತಿಮೀರಿದ ಹೊರೆ, ತಮ್ಮ ಪಾಲಿಗಿಂತ ಹೆಚ್ಚು ಎಳೆದುಕೊಂಡ ರಾಜ್ಯಗಳು ಕಾರಣವೆಂದು ತನಿಖೆ ಹೇಳಿತು. ತನ್ನೊಬ್ಬನ ಹೆಚ್ಚುವರಿಯಿಂದ ಏನೂ ಆಗದು ಎಂಬ ನಂಬಿಕೆ ಅಂದು ಎಲ್ಲರ ದೀಪವನ್ನೂ ಆರಿಸಿತು. ದಕ್ಷಿಣ ಅಂದು ಬೇರೆಯಾಗಿದ್ದರಿಂದ ಉಳಿಯಿತು. ಇಂದು ನಾವೂ ಅದೇ ಜಾಲದಲ್ಲಿದ್ದೇವೆ.

ನಾಳೆಯವರ ಮಾತು ಇನ್ನೂ ಬಾಕಿ. ಈಗ ಸುಡುವ ಕಲ್ಲಿದ್ದಲಿನ ಬಿಸಿ, ಈಗ ಕೂಡಿಡುವ ಅಣುತ್ಯಾಜ್ಯ ಇನ್ನೂ ಹುಟ್ಟದವರ ಪಾಲಿನದು. ಅವರಿಗೆ ಮತವೂ ಇಲ್ಲ, ಪಹಣಿಯೂ ಇಲ್ಲ. ಇದ್ದವರಿಗೇ ಲೆಕ್ಕ ಒಪ್ಪಿಸದ ಸಮಾಜ ಬರದಿರುವವರಿಗೆ ಒಪ್ಪಿಸುತ್ತದೆಂದು ನಂಬುವುದು ಕಷ್ಟ. ಆದ್ದರಿಂದ ಆರಂಭ ಇಲ್ಲಿಂದಲೇ ಆಗಬೇಕು, ಮತ್ತು ಆಗಬೇಕಾದದ್ದು ಅಸಾಧ್ಯವಾದದ್ದೇನೂ ಅಲ್ಲ. ಕೊರತೆಯ ದಿನ ಯಾವ ಫೀಡರು ಯಾವ ಕ್ರಮದಲ್ಲಿ ಕತ್ತಲಾಗುತ್ತದೆ, ಏಕೆ, ಎಂಬ ಪಟ್ಟಿ ಪ್ರತಿ ವಿದ್ಯುತ್ ಸರಬರಾಜು ಕಂಪನಿಯಲ್ಲೂ ಬಹಿರಂಗವಾಗಬೇಕು. ಉತ್ಪಾದನೆಗೆ ನೆಲ, ನೀರು ಕೊಟ್ಟ ಊರುಗಳು ಆ ಪಟ್ಟಿಯ ಕೊನೆಯಲ್ಲಿರಬೇಕು. ಶರಾವತಿಯ ಹಳೆಯ ಸಂತ್ರಸ್ತರ ಕೈಗೆ ಹಕ್ಕುಪತ್ರ ಬರುವವರೆಗೆ ಆ ಕಣಿವೆಯಲ್ಲಿ ಹೊಸದೊಂದು ಗುದ್ದಲಿಯೂ ಬೀಳಬಾರದು. ದರ ಪರಿಷ್ಕರಣೆಯ ಅರ್ಜಿಗಳ ಮೇಲೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾವ ಗ್ರಾಹಕರು ಬೇಕಾದರೂ ಆಕ್ಷೇಪಣೆ ಸಲ್ಲಿಸಿ ಅಲ್ಲಿ ನಿಂತು ಮಾತಾಡಬಹುದು. ಪೈಸೆ ಏರಿತೇ ಇಳಿಯಿತೇ ಎಂದು ಕೇಳಲು ಅಲ್ಲಿಗೆ ಹೋಗುವವರು ಈ ಸಲ ಆ ಪಟ್ಟಿಯನ್ನೂ ಕೇಳಲಿ.